ಬೆಂಕಿ ಮುಚ್ಚುವ ಹೊತ್ತು

ಆಸ್ಪತ್ರೆಯ ಮೂರನೇ ಮಹಡಿಯ ಕಾರಿಡಾರಿನಲ್ಲಿ ನಿಂತು ಡಾಕ್ಟರು ಅಪ್ಪನಿಗೆ ಹೇಳಿದರು, "ಇನ್ಮೇಲೆ ಪ್ಯಾಲಿಯೇಟಿವ್ ಕೇರ್ ಕೊಡೋಣ." ಅಪ್ಪ ತಲೆಯಾಡಿಸಿದ. ಡಾಕ್ಟರು ಆ ಕಡೆ ಹೋದ ಮೇಲೆ ನನ್ನ ಕಡೆ ತಿರುಗಿ, "ಹಂಗಂದ್ರೆ ಏನಮ್ಮ?" ಅಂದ.

ನಮ್ಮದು ಶಿರಾ ತಾಲ್ಲೂಕಿನ ಒಂದು ಹಳ್ಳಿ. ಇಂಗ್ಲಿಷ್ ಪದಕ್ಕೆ ಅರ್ಥ ಹೇಳುವ ಕೆಲಸ ಚಿಕ್ಕಂದಿನಿಂದ ನನ್ನದೇ. ಬ್ಯಾಂಕಿನ ಕಾಗದ, ಔಷಧಿ ಡಬ್ಬಿಯ ಮೇಲಿನ ಚೀಟಿ, ಪಂಪ್‌ಸೆಟ್ಟಿನ ಗ್ಯಾರಂಟಿ ಕಾರ್ಡು ಎಲ್ಲವನ್ನೂ ನಾನೇ ಓದಿ ಹೇಳುತ್ತಿದ್ದೆ. ಆವತ್ತು ಮಾತ್ರ ಬಾಯಿ ಒಣಗಿತು. "ವಾಸಿ ಮಾಡೋಕೆ ಆಗಲ್ಲವಂತೆ ಅಪ್ಪ. ನೋವಾಗದ ಹಂಗೆ ನೋಡ್ಕೋತಾರಂತೆ" ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಕೈ ಬಿಟ್ರು ಅನ್ನು" ಅಂದ. ಒಳಗೆ ಅಜ್ಜಿ ಮಲಗಿದ್ದಳು. 84 ವರ್ಷ. ಹೊಟ್ಟೆಯ ಕ್ಯಾನ್ಸರ್.

ನಾನು ಹೇಳಿದ ಅರ್ಥದಲ್ಲಿ ತಪ್ಪಿರಲಿಲ್ಲ. ಆದರೂ ಏನೋ ಸರಿಯಾಗಿ ದಾಟಿಸಲಿಲ್ಲ ಅನ್ನಿಸುತ್ತಲೇ ಇತ್ತು. ರಾತ್ರಿ ಅಜ್ಜಿಯ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಆ ಪದದ ಮೂಲ ಹುಡುಕಿದೆ. ಲ್ಯಾಟಿನ್ನಿನಲ್ಲಿ 'ಪ್ಯಾಲಿಯಂ' ಅಂದರೆ ಮೈತುಂಬ ಸುತ್ತಿಕೊಳ್ಳುವ ಉದ್ದನೆಯ ಮೇಲ್ಹೊದಿಕೆ. ಅದನ್ನು ಹೊದಿಸುವುದರಿಂದ 'ಪ್ಯಾಲಿಯೇಟ್', ಅದರಿಂದ 'ಪ್ಯಾಲಿಯೇಟಿವ್'. ಡಾಕ್ಟರು ಹೇಳಿದ್ದು ಇಷ್ಟೇ: ಇನ್ಮೇಲೆ ಹೊದಿಸೋಣ.

ಅದೇ ಪುಟದಲ್ಲಿ ಇನ್ನೊಂದು ಸಂಗತಿ ಇತ್ತು. ಪ್ಯಾಲಿಯಂ ಇಂಗ್ಲಿಷಿಗೆ ಬಂದು 'ಪಾಲ್' ಆಯಿತು. ಮೊದಲು ಬೆಲೆಬಾಳುವ ಬಟ್ಟೆಗೆ ಹಾಗನ್ನುತ್ತಿದ್ದರು. ಆಮೇಲೆ ಶವಪೆಟ್ಟಿಗೆಯ ಮೇಲೆ ಹಾಸುವ ಬಟ್ಟೆಗೆ ಆ ಹೆಸರು ನಿಂತಿತು. ಆ ಬಟ್ಟೆಯ ಅಂಚು ಹಿಡಿದು ಜೊತೆಗೆ ನಡೆಯುವವರು 'ಪಾಲ್‌ಬೇರರ್'ಗಳಾದರು. ಈ ಪಾಲ್‌ಗೆ ಟಾರು ಮೆತ್ತಿದರೆ? ಟಾರ್-ಪಾಲ್-ಇನ್. ಟಾರ್ಪಾಲು! ನಿಘಂಟು ಮಾಡಿದವರಲ್ಲಿ ಹೆಚ್ಚಿನವರು ಈ ಹುಟ್ಟನ್ನು ಒಪ್ಪುತ್ತಾರೆ. ಹಡಗಿನಲ್ಲಿ ಸರಕು ನೆನೆಯದ ಹಾಗೆ ಟಾರು ಬಳಿದ ಕ್ಯಾನ್ವಾಸು ಹೊದಿಸುತ್ತಿದ್ದರು. ಅದು ಕರ್ರಗೆ, ಸಾವಿನ ಮನೆಯ ಹೊದಿಕೆಯ ಹಾಗೆ ಕಾಣುತ್ತಿತ್ತು. 17ನೇ ಶತಮಾನದಲ್ಲಿ ಹಡಗಿನಾಳಿಗೇ ಟಾರ್ಪಾಲಿನ್ ಅನ್ನುವ ಅಡ್ಡಹೆಸರಿತ್ತು. ಅದು ಮೊಟಕಾಗಿ ಬರೀ 'ಟಾರ್' ಅಂತಲೂ ಆಯಿತು. ನಮ್ಮಲ್ಲಿ ಈಗ ಟಾರೂ ಇಲ್ಲ, ಕ್ಯಾನ್ವಾಸೂ ಇಲ್ಲ, ಎಲ್ಲ ನೀಲಿ ಪ್ಲಾಸ್ಟಿಕ್ಕು. ಹೆಸರು ಮಾತ್ರ ಉಳಿದಿದೆ. ಬೆಳಗಾವಿ, ಧಾರವಾಡದ ಕಡೆ ಹೋದರೆ ಅದು ತಾಡಪತ್ರಿ.

ಬೆಳಿಗ್ಗೆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವಾಗ ಅಪ್ಪನಿಗೆ ಇದನ್ನು ಹೇಳಿದೆ. ಡಾಕ್ಟರು ಹೇಳಿದ ಪದವೂ ನಮ್ಮ ಟಾರ್ಪಾಲೂ ಒಂದೇ ಮನೆಯವು ಅಂದೆ. ಅಪ್ಪನಿಗೆ ಟಾರ್ಪಾಲು ಬರೀ ಪದವಲ್ಲ. ರಾಗಿ ಕೊಯ್ದು ಬಣವೆ ಹಾಕುವ ಹೊತ್ತಿಗೆ ಸರಿಯಾಗಿ ಬಂಗಾಳ ಕೊಲ್ಲಿಯಲ್ಲಿ ಗಾಳಿ ಏಳುತ್ತದೆ. ಮೂರು ದಿನ ಬಿಡದೆ ಸೋನೆ ಹಿಡಿದರೆ ತೆನೆ ಅಲ್ಲೇ ಮೊಳಕೆಯೊಡೆಯುತ್ತದೆ. ನಡುರಾತ್ರಿ ಹನಿ ಬಿದ್ದರೆ ಎದ್ದು ಕಣಕ್ಕೆ ಓಡಿ, ಟಾರ್ಪಾಲು ಎಳೆದು, ನಾಲ್ಕೂ ಮೂಲೆಗೆ ಕಲ್ಲು ಹೇರಿ, ಆಮೇಲೆ ಬೆಳಗಿನ ತನಕ ಜಗಲಿಯಲ್ಲಿ ಕೂತಿರುತ್ತಿದ್ದ. ಕಾಫಿ ಲೋಟ ಕೆಳಗಿಟ್ಟು ಅಪ್ಪ ಅಂದ, "ಸರಿ ಬಿಡು. ಮಳೆ ನಿಲ್ಸೋಕೆ ಯಾರ ಕೈಲೂ ಆಗಲ್ಲ. ರಾಗಿ ನೆನೀದಂಗೆ ನೋಡ್ಕೋಬೋದು."

ಹಿಂದಿನ ದಿನ ನಾನು ದಾಟಿಸಲಾಗದೇ ಹೋದದ್ದನ್ನು ಅಪ್ಪನೇ ಕನ್ನಡಕ್ಕೆ ತಂದಿದ್ದ.

ಆ ಇಂಗ್ಲಿಷ್ ಪದಕ್ಕೆ ಕೆಟ್ಟ ಕಾಲವೂ ಇತ್ತು. ಹಳೆಯ ವೈದ್ಯರ ಬರಹಗಳಲ್ಲಿ ಪ್ಯಾಲಿಯೇಟ್ ಮಾಡುವುದು ಅಂದರೆ ಬೇರು ಕೀಳದೆ ಮೇಲೆ ಬಟ್ಟೆ ಮುಚ್ಚುವುದು. ತಪ್ಪು ಮಾಡಿದವನು ನೆಪ ಹೇಳಿ ಮರೆಮಾಚಿದರೂ ಅದೇ ಪದ. ಅದಕ್ಕೆ ಮರ್ಯಾದೆ ತಂದವರು ಕೆನಡಾದ ಬಾಲ್ಫೋರ್ ಮೌಂಟ್ ಅನ್ನುವ ಸರ್ಜನ್. ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ 1967ರಲ್ಲಿ ಸಾಯುವವರ ಆರೈಕೆಗೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದಿದ್ದರು. ಮೌಂಟ್ ಅದನ್ನು ಹೋಗಿ ನೋಡಿ ಬಂದರು. ಮಾಂಟ್ರಿಯಲ್‌ನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 1975ರಲ್ಲಿ ಅಂಥದ್ದೇ ವಾರ್ಡು ಶುರು ಮಾಡಿದರು. ಅದು ಫ್ರೆಂಚ್ ಮಾತಾಡುವ ಊರು. ಫ್ರೆಂಚಿನಲ್ಲಿ ಹಾಸ್ಪಿಸ್ ಅಂದರೆ ದಿಕ್ಕಿಲ್ಲದವರನ್ನು ತಂದು ಹಾಕುವ ಜಾಗ. ಆ ಹೆಸರಿಟ್ಟರೆ ಯಾರು ತಾನೇ ಬರುತ್ತಾರೆ? ಅದಕ್ಕೆ ಪ್ಯಾಲಿಯೇಟಿವ್ ಕೇರ್ ಅಂತ ಕರೆದರು. ನಮ್ಮ ಪಕ್ಕದ ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಸಂಘವೂ ಅದೇ ಹೆಸರಿಟ್ಟುಕೊಂಡಿತು. ಬೈಗುಳದ ಹತ್ತಿರ ಇದ್ದ ಪದವನ್ನು ಎತ್ತಿ, ದೂಳು ಕೊಡವಿ, ಮೊದಲಿನ ಹೊದಿಕೆಯ ಅರ್ಥವನ್ನೇ ಅದಕ್ಕೆ ವಾಪಸ್ ಕೊಟ್ಟರು ಅಂತ ನನಗೆ ಅನ್ನಿಸುತ್ತದೆ.

ಅಲ್ಲಿಂದ ಶುರುವಾಯಿತು ನೋಡಿ. ಅಜ್ಜಿ ನಿದ್ದೆ ಮಾಡುವಾಗ ನಾನು ಇಂಗ್ಲಿಷಿನ ಹೊದಿಕೆಯ ಪದಗಳ ಹಿಂದೆ ಬಿದ್ದೆ. ಆ ಆಸ್ಪತ್ರೆಯ ಕೆಳಮಹಡಿಯಲ್ಲಿ ಒಂದು ಪುಟ್ಟ ಚಾಪೆಲ್ ಇತ್ತು. ಹೋಗುತ್ತಾ ಬರುತ್ತಾ ಅದರ ಬೋರ್ಡು ನೋಡುತ್ತಿದ್ದೆ. ಚಾಪೆಲ್ ಅಂದರೆ 'ಚಿಕ್ಕ ಮೇಲ್ಹೊದಿಕೆ' ಅಂತ ಆ ವಾರವೇ ತಿಳಿಯಿತು. 4ನೇ ಶತಮಾನದಲ್ಲಿ ಮಾರ್ಟಿನ್ ಅನ್ನುವ ರೋಮನ್ ಸೈನಿಕ ಚಳಿಗಾಲದಲ್ಲಿ ಅಮಿಯಾಂ ಊರಿನ ಬಾಗಿಲಲ್ಲಿ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು, ತನ್ನ ಮೇಲ್ಹೊದಿಕೆಯನ್ನು ಕತ್ತಿಯಿಂದ ಎರಡು ಮಾಡಿ ಅರ್ಧ ಕೊಟ್ಟನಂತೆ. ಉಳಿದ ಅರ್ಧವನ್ನು ಮುಂದೆ ಫ್ರಾಂಕ್ ರಾಜರು ಪೂಜೆಗೆ ಇಟ್ಟುಕೊಂಡರು. ಆ ತುಂಡು ಬಟ್ಟೆಯನ್ನು ಇಟ್ಟ ಕೋಣೆ ಚಾಪೆಲ್, ಕಾಯುವವನು ಚಾಪ್ಲಿನ್. ಅರ್ಧ ಹೊದಿಕೆಯಿಂದ ಒಂದು ಗುಡಿಯ ಹೆಸರು ಹುಟ್ಟಿದೆ.

ಇವುಗಳಲ್ಲೆಲ್ಲ ನನ್ನನ್ನು ಹಿಡಿದು ನಿಲ್ಲಿಸಿದ ಪದ ಕರ್ಫ್ಯೂ.

ಕರ್ಫ್ಯೂ ಅಂದರೆ ನಮಗೆ ಗೊತ್ತಿರುವುದು ಪೊಲೀಸ್ ವ್ಯಾನು, ಮುಚ್ಚಿದ ಅಂಗಡಿ, ಖಾಲಿ ರಸ್ತೆ. 2020ರ ಮಾರ್ಚ್ 22ರ ಜನತಾ ಕರ್ಫ್ಯೂ ನೆನಪಿದೆಯಲ್ಲ? ಆಮೇಲೆ ಬಂದ ನೈಟ್ ಕರ್ಫ್ಯೂ, ವೀಕೆಂಡ್ ಕರ್ಫ್ಯೂ? ಆ ಪದ ಹುಟ್ಟಿದ್ದು ಅಡುಗೆಮನೆಯಲ್ಲಿ. ಹಳೆಯ ಫ್ರೆಂಚಿನಲ್ಲಿ 'ಕುವ್ರ್' ಅಂದರೆ ಮುಚ್ಚು, 'ಫು' ಅಂದರೆ ಬೆಂಕಿ. 'ಬೆಂಕಿ ಮುಚ್ಚು.' ಅಷ್ಟೇ ಅದರ ಅರ್ಥ.

ಆ ಕಾಲದ ಊರುಗಳಲ್ಲಿ ಮನೆ ಮರದ್ದು, ಸೂರು ಹುಲ್ಲಿನದ್ದು, ಒಲೆ ನಡುಮನೆಯಲ್ಲಿ. ರಾತ್ರಿ ಒಂದು ಕಿಡಿ ಹಾರಿದರೆ ಇಡೀ ಕೇರಿ ಬೂದಿ. ಹಾಗಾಗಿ ಸಂಜೆ ಗಂಟೆ ಬಾರಿಸುತ್ತಿದ್ದರು. ಗಂಟೆ ಕೇಳಿದ ಮೇಲೆ ಎಲ್ಲರೂ ಒಲೆಯ ಬೆಂಕಿ ಮುಚ್ಚಬೇಕು, ದೀಪ ಆರಿಸಬೇಕು. 1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಂ ಈ ಪದ್ಧತಿ ತಂದ ಅಂತ ಬಹಳ ಕಡೆ ಬರೆದಿದ್ದಾರೆ. ಆದರೆ ಯುರೋಪಿನ ಊರುಗಳಲ್ಲಿ ಅದಕ್ಕೂ ಮೊದಲೇ ಈ ರೂಢಿ ಇತ್ತು. ಬೆಂಕಿ ಮುಚ್ಚಲು ಬಳಸುವ ಸಾಮಾನಿಗೂ ಕರ್ಫ್ಯೂ ಅಂತಲೇ ಹೆಸರು. ತಾಮ್ರದ್ದೋ ಹಿತ್ತಾಳೆಯದ್ದೋ ಮಣ್ಣಿನದ್ದೋ, ಹಿಡಿ ಇರುವ ದೊಡ್ಡ ಮುಚ್ಚಳ. ಕೆಂಡವನ್ನೆಲ್ಲ ಒಲೆಯ ಹಿಂದಿನ ಗೋಡೆಗೆ ತಳ್ಳಿ ಅದರ ಮೇಲೆ ಕವುಚುತ್ತಿದ್ದರು. ಕೆಲವು ಮಣ್ಣಿನ ಮುಚ್ಚಳಗಳಲ್ಲಿ ಚೂರು ಗಾಳಿಯಾಡಲು ತೂತೂ ಇವೆ. ಬೆಂಕಿ ಸಾಯಬಾರದು, ಏಳಲೂಬಾರದು. ಬೆಳಿಗ್ಗೆ ಮುಚ್ಚಳ ತೆಗೆದು ಊದಿದರೆ ಕೆಂಡ ಇರಬೇಕು.

ಇಷ್ಟು ಓದಿದ್ದೇ ತಡ, ಅಜ್ಜಿಯ ಮುಖ ನೋಡಿದೆ. ಇದನ್ನೆಲ್ಲ ಇವಳು ನನಗೆ ಎಂದೋ ಕಲಿಸಿದ್ದಳಲ್ಲ!

ನಮ್ಮ ಹಳೆ ಮನೆಯ ಒಲೆ ಮುಂದೆ ರಾತ್ರಿ ಊಟವಾದ ಮೇಲೆ ಅಜ್ಜಿ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಉರಿಯುವ ಕೊಳ್ಳಿಗಳನ್ನು ಈಚೆಗೆ ಎಳೆದು ನೀರು ಚಿಮುಕಿಸುತ್ತಿದ್ದಳು. ಚುಂಯ್ ಅಂತ ಹೊಗೆ. ಕೆಂಡವನ್ನೆಲ್ಲ ಒಂದು ಮೂಲೆಗೆ ಗುಡ್ಡೆ ಮಾಡಿ, ಅದರ ಮೇಲೆ ಮುರಿದ ಬೆರಣಿ ಇಟ್ಟು, ಬರಿಗೈಯಲ್ಲೇ ಬೂದಿ ಎಳೆದು ಮುಚ್ಚುತ್ತಿದ್ದಳು. ಕೊನೆಗೆ ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದಳು, ಮಗುವಿನ ಬೆನ್ನು ತಟ್ಟಿದ ಹಾಗೆ. ಒಂದು ಸಲ ನಾನು ಜಾಣತನ ತೋರಿಸಲು ಹೋಗಿ ಒಂದು ಚೊಂಬು ನೀರು ಸುರಿದುಬಿಟ್ಟೆ. "ಬೆಂಕಿ ಆರಿಸಬಾರ್ದು ಕಣೇ, ಮಲಗಿಸ್ಬೇಕು" ಅಂದಳು. ಮಾರನೇ ದಿನ ಪಕ್ಕದ ಮನೆಗೆ ಹೋಗಿ ಚಿಪ್ಪಿನಲ್ಲಿ ಕೆಂಡ ತರಬೇಕಾಯಿತು. ಆ ಮನೆಯವರೂ ಬೂದಿ ಕೆದಕಿಯೇ ಕೊಟ್ಟರು. ಬೆರಣಿ ಒಳಗೊಳಗೇ ಸುಡುತ್ತಾ ರಾತ್ರಿಯೆಲ್ಲ ಬೆಂಕಿ ಹಿಡಿದಿಟ್ಟಿರುತ್ತದೆ. ಬೂದಿ ಗಾಳಿಯನ್ನು ತಡೆಯುತ್ತದೆ. ಬೆಳಿಗ್ಗೆ ಊದುಗೊಳವೆಯಲ್ಲಿ ಎರಡು ಸಲ ಊದಿದರೆ ಕೆಂಪಗೆ ಕಣ್ಣು ಬಿಡುತ್ತದೆ.

ಇನ್ನೊಂದು ವಿಚಿತ್ರ ಹೇಳಬೇಕು. ನಮ್ಮ ಪೇಪರಿನಲ್ಲಿ ಎಲ್ಲಾದರೂ ಗಲಭೆ ಆದ ಸುದ್ದಿ ಬಂದರೆ ಎರಡು ಮಾತು ಇದ್ದೇ ಇರುತ್ತವೆ. 'ಕರ್ಫ್ಯೂ ಜಾರಿ' ಅಂತ ಒಂದು. 'ಪರಿಸ್ಥಿತಿ ಬೂದಿ ಮುಚ್ಚಿದ ಕೆಂಡದಂತಿದೆ' ಅಂತ ಇನ್ನೊಂದು. ಎರಡೂ ಒಂದೇ ಮಾತು! ಒಂದನ್ನು ಫ್ರೆಂಚ್ ಅಡುಗೆಮನೆ ಕೊಟ್ಟಿದೆ, ಇನ್ನೊಂದನ್ನು ನಮ್ಮ ಅಜ್ಜಿಯರ ಅಡುಗೆಮನೆ. ಎಷ್ಟು ವರ್ಷ ಇವೆರಡನ್ನೂ ಒಂದೇ ಸುದ್ದಿಯಲ್ಲಿ ಓದಿದ್ದೇನೋ ಲೆಕ್ಕವಿಲ್ಲ. ಒಂದಕ್ಕೊಂದು ನೆಂಟರು ಅಂತ ಹೊಳೆದಿರಲಿಲ್ಲ.

ಆ ಗಂಟೆ ಈಗಲೂ ಕೆಲವು ಕಡೆ ಬಾರಿಸುತ್ತದೆ. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ 'ಗ್ರೇಟ್ ಟಾಮ್' ಅನ್ನುವ 6 ಟನ್ನಿಗೂ ಜಾಸ್ತಿ ತೂಕದ ಗಂಟೆ ಇದೆ. ಪ್ರತಿ ರಾತ್ರಿ 9 ಗಂಟೆ 5 ನಿಮಿಷಕ್ಕೆ 101 ಸಲ ಹೊಡೆಯುತ್ತದೆ. ಕಾಲೇಜು ಶುರುವಾದಾಗಿನ ನೂರು ವಿದ್ಯಾರ್ಥಿಗಳಿಗೆ ನೂರು, ಆಮೇಲೆ ಸೇರಿದ ಒಬ್ಬನಿಗೆ ಒಂದು. ಹಿಂದೆ ಆ ಸದ್ದಿಗೆ ಕಾಲೇಜುಗಳ ಬಾಗಿಲು ಹಾಕುತ್ತಿದ್ದರು. ಆ 5 ನಿಮಿಷ ಯಾಕೆ ಅಂದರೆ, ದೇಶದ ಗಡಿಯಾರಕ್ಕೆ ಲೆಕ್ಕ ಹಿಡಿಯುವ ಗ್ರೀನಿಚ್ಚಿಗಿಂತ ಆಕ್ಸ್‌ಫರ್ಡ್ ಪಶ್ಚಿಮಕ್ಕಿದೆ. ಸೂರ್ಯನ ಲೆಕ್ಕದಲ್ಲಿ ಅಲ್ಲಿಗೆ ಆಗ ಸರಿಯಾಗಿ 9. ರೈಲು ಬಂದು ದೇಶಕ್ಕೆಲ್ಲ ಒಂದೇ ಗಡಿಯಾರವಾದರೂ ಗಂಟೆ ಮಾತ್ರ ತನ್ನ ಊರಿನ ಹೊತ್ತನ್ನು ಬಿಟ್ಟಿಲ್ಲ. ಯಾಕೋ ಇದು ನನಗೆ ಬಹಳ ಇಷ್ಟವಾಯಿತು.

ಕರ್ಚೀಫೂ ಇದೇ ಅಚ್ಚಿನದು. ಅಲ್ಲಿ ಬೆಂಕಿ ಮುಚ್ಚು, ಇಲ್ಲಿ 'ಶೆಫ್', ಅಂದರೆ ತಲೆ ಮುಚ್ಚು. ತಲೆವಸ್ತ್ರ ಕೈಗೆ ಬಂದಾಗ ಹ್ಯಾಂಡ್‌ಕರ್ಚೀಫ್ ಆಯಿತು, ಕೈಯ ತಲೆವಸ್ತ್ರ. ನಾವು ಕರ್ಚೀಫನ್ನು ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಎಸೆದು ಜಾಗ ಹಿಡಿಯುತ್ತೇವೆ. ಅಲ್ಲಿಗೆ ಅದು ತಲೆ ಬಿಟ್ಟು, ಕೈ ಬಿಟ್ಟು, ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಸೀಟು ಮುಚ್ಚುವ ತನಕ ಬಂತು.

ಅಜ್ಜಿ ತಲೆಗೆ ಹರಳೆಣ್ಣೆ ಹಚ್ಚುವವಳು. ಆಸ್ಪತ್ರೆಯ ಬಿಳಿ ದಿಂಬು ಜಿಡ್ಡಾಗುತ್ತದೆ ಅಂತ ಅಲ್ಲೂ ಹಳೆ ಸೀರೆಯ ತುಂಡು ಕೇಳಿ ಹಾಸಿಸಿಕೊಂಡಳು. ಇಂಗ್ಲಿಷಿನಲ್ಲಿ ಈ ಬಟ್ಟೆಗೆ 'ಆಂಟಿಮಕ್ಯಾಸರ್' ಅನ್ನುವ ಭಾರಿ ಹೆಸರಿದೆ. 19ನೇ ಶತಮಾನದ ಗಂಡಸರು ತಲೆಗೆ ಮಕ್ಯಾಸರ್ ಎಣ್ಣೆ ಬಳಿಯುತ್ತಿದ್ದರು. ಈಗಿನ ಇಂಡೋನೇಷ್ಯಾದ ಮಕಾಸರ್ ಬಂದರಿನ ಹೆಸರು ಅದು. ಅವರು ಒರಗಿದ ಕುರ್ಚಿಯೆಲ್ಲ ಜಿಡ್ಡು. ಅದಕ್ಕೆ ಮನೆಯ ಹೆಂಗಸರು ಕುರ್ಚಿಯ ಬೆನ್ನಿಗೆ ಕಸೂತಿ ಬಟ್ಟೆ ಹೊದಿಸಿದರು. ನಮ್ಮ ಸರ್ಕಾರಿ ಆಫೀಸಿನಲ್ಲಿ ಸಾಹೇಬರ ಕುರ್ಚಿಯ ಮೇಲೆ ಹಾಸಿರುವ ಟರ್ಕಿ ಟವೆಲ್ಲು ನೋಡಿದಾಗಲೆಲ್ಲ ಈಗ ಆ ಪದ ನೆನಪಿಗೆ ಬರುತ್ತದೆ.

ಹೊದಿಕೆಗೆ ಇನ್ನೊಂದು ಮುಖವೂ ಇದೆ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಗುಡಿಸಲಿಗೆ ಹುಲ್ಲು ಹೊದಿಸುವುದು ಇಂಗ್ಲಿಷಿನಲ್ಲಿ 'ಥ್ಯಾಚ್'. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ಗಂಡನ ಮನೆತನದ ಹೆಸರಿನ ಅರ್ಥ ಹುಲ್ಲು ಹೊದಿಸುವವನು. ಈ ಪದದ ಬೇರು ಬಹಳ ಹಳೆಯದು. ಅದೇ ಬೇರಿನಿಂದ ಲ್ಯಾಟಿನ್ನಿನಲ್ಲಿ ಸೂರಿನ ಹೆಂಚಿನ ಹೆಸರು ಬಂತು, ಅದೇ 'ಟೈಲ್'. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಮಾಡಲು ಹೊರಟ ಟೈಲ್ ನಿಜವಾಗಿ ಸೂರು ಹೊದಿಸುವ ಟೈಲ್. ಈಗ ನಾವು ಟೈಲ್ಸ್ ಅಂತ ನೆಲಕ್ಕೆ ಹಾಕಿಸುತ್ತೇವೆ. ಮುಂದೆ ನಿಂತು ಹೊದಿಸುವುದು 'ಪ್ರೊಟೆಕ್ಟ್'. ಮುಚ್ಚಿದ್ದನ್ನು ತೆಗೆಯುವುದು 'ಡಿಟೆಕ್ಟ್', ಅದನ್ನು ಮಾಡುವವನು ಡಿಟೆಕ್ಟಿವ್. ಇದೇ ಬೇರು ಸಂಸ್ಕೃತದಲ್ಲಿ 'ಸ್ಥಗ್', ಮುಚ್ಚು ಅಂತ. ಮುಚ್ಚಿಡುವವನು, ಮರೆಯಲ್ಲಿ ಮೋಸ ಮಾಡುವವನು ಹಿಂದಿಯ 'ಠಗ್'. ಅಲ್ಲಿಂದ ಇಂಗ್ಲಿಷಿನ 'ಥಗ್' ಅಂತ ನಿಘಂಟುಗಳು ಹೇಳುತ್ತವೆ. ನಮ್ಮ ಠಕ್ಕನೂ ಅದೇ ಕೇರಿಯವನು. ಹುಲ್ಲು ಹೊದಿಸುವವನು, ಠಕ್ಕ, ಅವನನ್ನು ಹುಡುಕುವ ಪತ್ತೇದಾರ ಮೂವರೂ ಒಂದೇ ಸೂರಿನಡಿ ಹುಟ್ಟಿದವರು!

ಈ ಬೇರು ನಮ್ಮ ಬಾಯಲ್ಲಿ ದಿನಾ ಇದೆ. 'ಕಾಮಗಾರಿ ಸ್ಥಗಿತ' ಅನ್ನುತ್ತೇವಲ್ಲ, ಆ ಸ್ಥಗಿತದ ಮೊದಲ ಅರ್ಥ ಮುಚ್ಚಿದ್ದು. ಹೊದಿಸಿದ್ದು ನಿಂತುಹೋದದ್ದಾಯಿತು. ಕನ್ನಡದ 'ಮುಚ್ಚು' ಕೂಡ ಹಾಗೇ ಎರಡು ಕಡೆ ಎಳೆಯುತ್ತದೆ. ಪಾತ್ರೆ ಮುಚ್ಚಿಡು ಅಂದರೆ ಕಾಪಾಡು. ಅಂಗಡಿ ಮುಚ್ಚಿದ ಅಂದರೆ ಮುಗಿಯಿತು. ಆ ದಿನ ಅಪ್ಪ "ಕೈ ಬಿಟ್ರು" ಅಂದಾಗ ಅವನಿಗೆ ಕೇಳಿಸಿದ್ದು ಎರಡನೆಯದು. ಡಾಕ್ಟರು ಹೇಳಿದ್ದು ಮೊದಲನೆಯದು. ಅವರು ಇನ್ನೆರಡು ನಿಮಿಷ ನಿಂತು ಬಿಡಿಸಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇಂಗ್ಲೆಂಡಿನ ಡೆವನ್, ಕಾರ್ನ್‌ವಾಲ್ ಕಡೆ 'ಹೀಲ್' ಅನ್ನುವ ಹಳೆಯ ಪದವೊಂದಿತ್ತು. ಗಾಯ ಮಾಯುವ ಹೀಲ್ ಅಲ್ಲ, ಇದರ ಅರ್ಥ ಮುಚ್ಚು. ಸೂರಿಗೆ ಕಲ್ಲುಹಲಗೆ ಹೊದಿಸುವವನು 'ಹೆಲಿಯರ್'. ಆ ಹೆಸರಿನ ಮನೆತನಗಳು ಈಗಲೂ ಇವೆ. ನರ್ಸರಿಯವರು ಸಸಿಯನ್ನು ನೆಡುವ ತನಕ ಒಣಗದ ಹಾಗೆ ಬೇರಿಗೆ ಮಣ್ಣು ಮುಚ್ಚಿ ಇಡುವುದಕ್ಕೆ ಇವತ್ತೂ 'ಹೀಲಿಂಗ್ ಇನ್' ಅನ್ನುತ್ತಾರೆ. ಇದೇ ಬೇರಿನ ಇನ್ನೊಂದು ಕವಲು 'ಹೆಲ್', ನರಕ. ಬೆಂಕಿ, ಎಣ್ಣೆ ಕೊಪ್ಪರಿಗೆ ಎಲ್ಲ ಆಮೇಲೆ ಸೇರಿದ್ದು. ಮೊದಲಿಗೆ ಅದು ಬರೀ ಮುಚ್ಚಿದ ಜಾಗ, ನೆಲದ ಕೆಳಗೆ ಸತ್ತವರು ಇರುವ ಕತ್ತಲ ಊರು. ತಲೆ ಮುಚ್ಚುವ ಹೆಲ್ಮೆಟ್ಟೂ ಅದೇ ಬಳಗ.

ಗ್ರೀಕಿನಲ್ಲಿ ಮುಚ್ಚುವುದಕ್ಕೆ ಇರುವ ಪದವನ್ನೂ ಬಹಳ ಪಂಡಿತರು ಇದೇ ಬೇರಿಗೆ ಸೇರಿಸುತ್ತಾರೆ. ಅದರಿಂದ ಬಂದ 'ಅಪೊಕ್ಯಾಲಿಪ್ಸ್' ಅಂದರೆ ಮುಸುಕು ತೆಗೆಯುವುದು. ಕನ್ನಡ ಬೈಬಲ್ಲಿನಲ್ಲಿ ಆ ಭಾಗದ ಹೆಸರು 'ಪ್ರಕಟನೆ'. ಎಷ್ಟು ಸರಿಯಾದ ಅನುವಾದ ನೋಡಿ. ಅದೇ ಪದದಿಂದ ಬಂದ ಇನ್ನೊಂದು ಹೆಸರು ನಮ್ಮ ಹೊಲದ ಬದುವಿನಲ್ಲೇ ನಿಂತಿತ್ತು: ಯೂಕಲಿಪ್ಟಸ್. 'ಚೆನ್ನಾಗಿ ಮುಚ್ಚಿದ್ದು' ಅಂತ ಅರ್ಥ. ನಮ್ಮ ಕಡೆ ನೀಲಗಿರಿ ಮರ.

1777ರಲ್ಲಿ ಕ್ಯಾಪ್ಟನ್ ಕುಕ್ ಹಡಗಿನವರು ಟ್ಯಾಸ್ಮೇನಿಯಾದಿಂದ ಒಂದು ರೆಂಬೆ ಕಿತ್ತು ಲಂಡನ್ನಿಗೆ ತಂದರು. ಲೆರಿಟಿಯೆ ಅನ್ನುವ ಫ್ರೆಂಚ್ ಸಸ್ಯಶಾಸ್ತ್ರಜ್ಞ ಅದನ್ನು ನೋಡಿ 1788ರಲ್ಲಿ ಈ ಹೆಸರಿಟ್ಟ. ಮರ ನೋಡಿರದಿದ್ದರೂ ಅವನು ಸರಿಯಾದ ಜಾಗವನ್ನೇ ನೋಡಿದ್ದ. ನೀಲಗಿರಿಯ ಮೊಗ್ಗಿಗೆ ಎಸಳು ಕಾಣುವುದಿಲ್ಲ. ತಲೆಯ ಮೇಲೆ ಚೂಪು ಟೋಪಿ ಇರುತ್ತದೆ, ಬಿಗಿಯಾಗಿ. ಒಳಗಿನ ಬಿಳಿ ಎಳೆಗಳು ಬಲಿತು ತಳ್ಳಿದಾಗ ಟೋಪಿ ಟಪ್ ಅಂತ ಕಳಚಿ ಬೀಳುತ್ತದೆ, ಹೂವು ಕುಚ್ಚಿನ ಹಾಗೆ ಬಿಚ್ಚಿಕೊಳ್ಳುತ್ತದೆ. ನಾವು ಮಕ್ಕಳು ದನ ಕಾಯಲು ಹೋದಾಗ ಆ ಟೋಪಿಗಳನ್ನು ಆರಿಸುತ್ತಿದ್ದೆವು. ಬೆರಳಿಗೆ ಹಾಕಿಕೊಳ್ಳಲು ನೋಡಿದರೆ ಸೇರುತ್ತಿರಲಿಲ್ಲ. ಪೊರಕೆಕಡ್ಡಿಯ ತುದಿಗೆ ಸಿಕ್ಕಿಸಿ ಸಾಲಾಗಿ ನೆಲಕ್ಕೆ ನೆಟ್ಟರೆ ಟೋಪಿ ಹಾಕಿದ ಪೊಲೀಸರು ರೆಡಿ. ಈ ಮರವನ್ನು ನಮ್ಮ ನಾಡಿಗೆ ತರಿಸಿ ಸುಮಾರು 1790ರಲ್ಲಿ ನಂದಿಬೆಟ್ಟದಲ್ಲಿ ನೆಡಿಸಿದ್ದು ಟಿಪ್ಪು ಸುಲ್ತಾನ್ ಅನ್ನುತ್ತಾರೆ. ಆಮೇಲೆ ಅದು ಕೋಲಾರ, ತುಮಕೂರಿನ ಬಯಲನ್ನೆಲ್ಲ ಹೊದ್ದುಕೊಂಡಿತು. ನೆಲದ ನೀರು ಕುಡಿಯಿತು ಅಂತ ಬೈಸಿಕೊಂಡಿತು. ನಮ್ಮ ಬದುವಿನ ಮರಗಳನ್ನೂ ಅಪ್ಪ ಕಡಿಸಿದ. ಅದು ಸರಿಯೇ. ಆದರೂ ಆ ಟೋಪಿಯ ಹೂವಿಗೆ ಅಷ್ಟು ಚಂದದ ಹೆಸರಿದೆ ಅಂತ ಆಗಲೇ ಗೊತ್ತಿದ್ದಿದ್ದರೆ ಒಂದು ಮರ ಉಳಿಸು ಅಂತ ಕೇಳುತ್ತಿದ್ದೆನೇನೋ.

'ಸ್ಕೈ' ಅನ್ನುವ ಪದಕ್ಕೂ ಮೊದಲು ಮೋಡ ಅಂತ ಅರ್ಥ. ಅದರ ಬೇರೂ ಮುಚ್ಚುವುದೇ. ಮೋಡ ಮುಚ್ಚಿದ ಊರಿನವರು ಮೋಡವನ್ನೇ ಆಕಾಶ ಅಂದುಕೊಂಡರು. ನಮ್ಮ 'ಮುಗಿಲು' ನೋಡಿ. ಮುಗಿಲು ಅಂದರೆ ಮೋಡ. ಕೂಗು ಮುಗಿಲು ಮುಟ್ಟಿತು ಅಂದಾಗ ಆಕಾಶ. ಮಳೆಗೆ ಕಾಯುವ ನಾಡಿನಲ್ಲೂ ಹಾಗೇ ಆಗಿದೆ.

ನಮ್ಮಿಂದ ಆ ಕಡೆ ಹೋದ ಹೊದಿಕೆಗಳೂ ಉಂಟು. ಪಲಂಗಪೋಷ್ ಅವರ ಬಾಯಲ್ಲಿ 'ಪ್ಯಾಲಂಪೋರ್' ಆಯಿತು. ಕೋರಮಂಡಲ ತೀರದಲ್ಲಿ ಕೈಯಲ್ಲಿ ಬಣ್ಣ ಬರೆದ, ನಡುವೆ ದೊಡ್ಡ ಮರವಿರುವ ಮಂಚದ ಹೊದಿಕೆ ಅದು. ಇಂಥ ಬಟ್ಟೆಗೆ ಇಂಗ್ಲೆಂಡಿನವರು ಎಷ್ಟು ಮರುಳಾದರೆಂದರೆ, ಅಲ್ಲಿನ ನೇಕಾರರು ದಂಗೆಯೆದ್ದರು. 1721ರಲ್ಲಿ ಪಾರ್ಲಿಮೆಂಟು ಬಣ್ಣದ ಅಚ್ಚಿನ ಹತ್ತಿ ಬಟ್ಟೆಯನ್ನು ಉಡುವುದಷ್ಟೇ ಅಲ್ಲ, ಮಂಚ, ಕುರ್ಚಿ, ದಿಂಬಿಗೆ ಹಾಕುವುದನ್ನೂ ನಿಷೇಧಿಸಿತು. ಅದನ್ನು ತೆಗೆದದ್ದು 1774ರಲ್ಲಿ.

ಇನ್ನೊಂದು ಪದ ಸಿಕ್ಕಾಗ ರಾತ್ರಿ ಎರಡು ಗಂಟೆ. ಹಾಬ್ಸನ್-ಜಾಬ್ಸನ್ ಅನ್ನುವ 1886ರ ಕೋಶ ಇದೆ. ಭಾರತದಲ್ಲಿದ್ದ ಇಂಗ್ಲಿಷರ ಬಾಯಿಗೆ ಹತ್ತಿದ ಪದಗಳನ್ನು ಯೂಲ್ ಮತ್ತು ಬರ್ನೆಲ್ ಸೇರಿಸಿದ್ದು. ಬರ್ನೆಲ್ ನಮ್ಮ ಮಂಗಳೂರಿನಲ್ಲೂ ಕೆಲಸ ಮಾಡಿದವರು. ಕೋಶ ಅಚ್ಚಾಗುವ ಮೊದಲೇ, 1882ರಲ್ಲಿ ತೀರಿಕೊಂಡರು. ಅದರಲ್ಲಿ 'ಕಂಬ್ಲಿ' ಅಂತ ಒಂದು ಪದ. ಒರಟು ಉಣ್ಣೆಯ ಹೊದಿಕೆ ಅಂತ ಅರ್ಥ ಕೊಟ್ಟಿದ್ದಾರೆ. ಎದುರಿಗೆ ಮಂಚದ ಮೇಲೆ ಅದೇ ಇತ್ತು!

ಅಜ್ಜಿಯ ಕರಿ ಕಂಬಳಿಯನ್ನು ಮನೆಯಿಂದ ತಂದಿದ್ದೆವು. ಆಸ್ಪತ್ರೆಯ ತೆಳು ಹೊದಿಕೆ ಅವಳಿಗೆ ಒಗ್ಗಲಿಲ್ಲ. "ಇದು ಕಾಗದ ಹೊದ್ದಂಗೈತೆ" ಅಂದಿದ್ದಳು. ಕುರಿ ಉಣ್ಣೆ ನೂತು, ಗುಂಡಿ ಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಅಂಬಲಿ ಬಳಿದು ಒಣಗಿಸಿದ ಕಂಬಳಿ ಅದು. ಹೊಸದರಲ್ಲಿ ಹಲಗೆಯ ಹಾಗೆ ನಿಲ್ಲುತ್ತದೆ. ಮಳೆ ಬಂದರೆ ಒಂದು ಮೂಲೆ ಒಳಕ್ಕೆ ಮಡಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಅಜ್ಜಿ ಹೊಲಕ್ಕೆ ಹೋಗುತ್ತಿದ್ದಳು. ನಲವತ್ತು ವರ್ಷ ಹೊದ್ದು ಅದೀಗ ಮೆತ್ತಗಾಗಿತ್ತು. ಹೊಗೆ, ಹರಳೆಣ್ಣೆ, ಕುರಿ ಮೂರರ ವಾಸನೆಯೂ ಇತ್ತು. ನರ್ಸಮ್ಮ ಮೊದಲ ದಿನ ಮುಖ ಸಿಂಡರಿಸಿದರು. ಮಾರನೇ ದಿನ ತಾವೇ ಅದನ್ನು ಅಜ್ಜಿಯ ಕಾಲಿನ ತನಕ ಎಳೆದು ಸರಿ ಮಾಡಿದರು.

ಅಜ್ಜಿಯನ್ನು ಊರಿಗೆ ಕರೆದುಕೊಂಡು ಬಂದೆವು. ನೋವಿಗೆ ಮಾರ್ಫಿನ್ ಮಾತ್ರೆ ಕೊಟ್ಟಿದ್ದರು. ಎಷ್ಟು ಹೊತ್ತಿಗೊಂದು ಅಂತ ನಾನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡೆ. ಬಾಯಿ ಒಣಗದ ಹಾಗೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಬೆನ್ನು ಹುಣ್ಣಾಗದ ಹಾಗೆ ಅಪ್ಪ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದ. ನಡುರಾತ್ರಿ ಅಲಾರಂ ಇಟ್ಟುಕೊಂಡು ಏಳುತ್ತಿದ್ದ, ಕಣಕ್ಕೆ ಓಡುತ್ತಿದ್ದವನ ಹಾಗೇ.

ಸೌದೆ ಒಲೆ ಹೋಗಿ ಗ್ಯಾಸ್ ಬಂದು ಆಗಲೇ ಹತ್ತಾರು ವರ್ಷವಾಗಿತ್ತು. ಒಲೆಯಿದ್ದ ಜಾಗದಲ್ಲಿ ಈಗ ಕಡಪ ಕಲ್ಲಿನ ಕಟ್ಟೆ, ಅದರ ಕೆಳಗೆ ಸಿಲಿಂಡರು. ಒಂದು ರಾತ್ರಿ ನಾನು ಪಾತ್ರೆ ತೊಳೆದಿಟ್ಟು, ರೆಗ್ಯುಲೇಟರ್ ಆಫ್ ಮಾಡಿ, ಲೈಟು ಆರಿಸಿ ಬಂದೆ. ಅಜ್ಜಿ ಎಚ್ಚರವಾಗಿದ್ದಳು. ಎರಡು ದಿನದಿಂದ ಹೆಚ್ಚು ಮಾತಿರಲಿಲ್ಲ. ನನ್ನ ಕಡೆ ನೋಡಿ ಕೇಳಿದಳು, "ಬೆಂಕಿ ಮಲಗಿಸಿದ್ಯಾ?"

"ಮಲಗಿಸಿದೀನಿ ಅಜ್ಜಿ" ಅಂದೆ.

"ಬೂದಿ ಸರಿಯಾಗಿ ಎಳೆದ್ಯಾ?"

"ಎಳೆದಿದೀನಿ."

ಕಂಬಳಿಯ ಅಂಚು ಹಿಡಿದು ಮೇಲಕ್ಕೆಳೆಯಲು ನೋಡಿದಳು, ಕೈಲಾಗಲಿಲ್ಲ. ನಾನು ಎಳೆದು ಕತ್ತಿನ ತನಕ ಹೊದಿಸಿ, ಅಂಗೈಯಿಂದ ಮೆಲ್ಲಗೆ ತಟ್ಟಿದೆ.